ಗಾಳಿ ತಾಗದ ಡಬ್ಬಿ

ಕಲ್ಯಾಣಪ್ಪನವರ ಆ ದಿನದ ಫಜೀತಿಗೆಲ್ಲ ಕಾರಣ ಒಂದು ಕಾಗದದ ಕೊನೆಯ ಮೂರು ಸಾಲು. ಮೈಸೂರಿನಿಂದ ಅಂಚೆಯಲ್ಲಿ ಬಂದ ಪಾರ್ಸಲ್ಲಿನೊಳಗೆ ಕಾಲು ಕಿಲೋ ಕಾಫಿಪುಡಿ ಇತ್ತು, ಪುಡಿಯ ಮೇಲೆ ಕಾಗದವಿತ್ತು, ಕಾಗದದ ಕೊನೆಗೆ ಹಳೆಯ ಗೆಳೆಯ ಬರೆದಿದ್ದ: 'ಈ ಪುಡಿಗೆ ನಾಲ್ವರು ವೈರಿಗಳು. ಗಾಳಿ, ಬೆಳಕು, ಬಿಸಿ, ಬೇರೆ ವಾಸನೆ. ಇವರಿಂದ ಕಾಪಾಡಿಕೊಂಡರೆ ಮಾತ್ರ ನೀನು ಇಪ್ಪತ್ತು ವರ್ಷದಿಂದ ಬರೆಯುತ್ತಿರುವ ಆ ಘಮ ನಿನಗೆ ಸಿಕ್ಕೀತು.'

ಮೇ ತಿಂಗಳ ಅಫಜಲಪುರದಲ್ಲಿ ಈ ನಾಲ್ವರನ್ನು ಬಿಟ್ಟರೆ ಬೇರೆ ಯಾರೂ ಹೊರಗೆ ಓಡಾಡುವುದಿಲ್ಲ.

ಕಲ್ಯಾಣಪ್ಪನವರು ಅಲ್ಲಿಯ ಒಂದು ಕಚೇರಿಯ ದಫ್ತರ ಕೋಣೆಯ ಗುಮಾಸ್ತರು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಹಳೆಯ ಹೊಲಮನೆಗಳ ಉರ್ದು ಕಾಗದಗಳನ್ನು ಓದಬಲ್ಲವರು ಆ ಕಚೇರಿಯಲ್ಲಿ ಅವರೊಬ್ಬರೇ ಉಳಿದಿದ್ದರು. ಓದುತ್ತ ಓದುತ್ತ ಕಣ್ಣು ತೆರೆದುಕೊಂಡೇ ಎಲ್ಲೋ ಹೋಗಿಬಿಡುವುದು ಅವರ ಅಭ್ಯಾಸ. ಎಲ್ಲೋ ಅಂದರೆ ಬೇರೆಲ್ಲೂ ಅಲ್ಲ, ಮೈಸೂರಿನ ಒಂದು ಮಾಳಿಗೆ ಕೋಣೆಗೆ. ರಾಜ್ಯ ಒಂದಾದ ಹೊಸದರಲ್ಲಿ ತರಬೇತಿಗೆಂದು ಮೂರು ತಿಂಗಳು ಅಲ್ಲಿದ್ದರು. ದಿನಾ ಬೆಳಗಿನ ಜಾವ, ಕಿಟಕಿಯಾಚೆ ಇನ್ನೂ ಮಂಜು ಇರುವಾಗಲೇ, ಕೆಳಗಿನ ಯಾರದೋ ಅಡುಗೆಮನೆಯಿಂದ ಕಾಫಿಯ ವಾಸನೆ ಏರಿ ಬರುತ್ತಿತ್ತು. ಮಾಡುವವರ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಯಾರೋ ಬಂದು ಹಣೆಯ ಮೇಲೆ ಕೈಯಿಟ್ಟ ಹಾಗಾಗುತ್ತಿತ್ತು. ಊರಿಗೆ ಮರಳಿ ಇಪ್ಪತ್ತು ವರ್ಷ ಎಲ್ಲರ ಹಾಗೆ ಚಹಾ ಕುಡಿದರು. ಆ ಕೈ ಮತ್ತೆ ಬರಲಿಲ್ಲ.

ಮದುವೆಯಾದ ಹೊಸದರಲ್ಲಿ ಹೆಂಡತಿ ಗುರುಶಾಂತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: "ವಾಸನಿಲೆ ಹೊಟ್ಟಿ ತುಂಬ್ತದೇನ್ರಿ?" ಆಮೇಲೂ ಎಷ್ಟೋ ಸಲ ಹೇಳಿದರು. ಆಕೆ ಸುಮ್ಮನೆ ನಕ್ಕು, ಚಹಾದ ಬಟ್ಟಲು ಮುಂದೆ ಸರಿಸುತ್ತಿದ್ದಳು. ಸುಳ್ಳು ಹೇಳುವ ಮನುಷ್ಯನಲ್ಲ, ಆದರೆ ಕನಸನ್ನು ಕಂಡದ್ದೆಂದೇ ತಿಳಿಯುವ ಮನುಷ್ಯ ಎಂದು ಆಕೆಯ ತೀರ್ಮಾನ. ಆಕೆಗೆ ಒಮ್ಮೆ, ಒಂದೇ ಒಂದು ಸಲ, ಆ ವಾಸನೆ ತೋರಿಸಬೇಕು. ಆಕೆ 'ಹೌದ್ರಿ, ಖರೇ' ಅನ್ನಬೇಕು. ಕಲ್ಯಾಣಪ್ಪನವರಿಗೆ ಬದುಕಿನಲ್ಲಿ ಉಳಿದಿದ್ದ ದೊಡ್ಡ ಆಸೆ ಇದೇ.

ಅಂದ ಹಾಗೆ ಗುರುಶಾಂತಮ್ಮನಿಗೂ ಒಂದು ಚಟವಿತ್ತು. ತವರೂರು ಮಾದನಹಿಪ್ಪರಗಾದಿಂದ ಬಳುವಳಿಯ ಜೊತೆಗೇ ಬಂದದ್ದು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು ಪುಡಿ ಮಾಡಿದರೆ ಅದೇ ಮಿಸ್ರಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಊಟದ ಮೇಲೆ ಒಮ್ಮೆ ಅದನ್ನು ಹಲ್ಲಿಗೆ ತಿಕ್ಕಿಕೊಂಡು ಬಾಯಿ ಮುಚ್ಚಿ ಕೂತರೆ ಆಕೆಯೂ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಆ ದಿನ ಬೆಳಗ್ಗೆಯೂ ಅದರ ಮೇಲೆಯೇ ಮಾತಿಗೆ ಮಾತು ಬೆಳೆದಿತ್ತು.

"ಒಸಡು ಕರ್ರಗಾಗ್ಯಾವ. ಡಾಕ್ಟ್ರು ಏನ್ ಹೇಳಿದ್ರು, ನೆನಪಿಲ್ಲೇನು? ಇನ್ನ ಸಾಕ್ ಮಾಡು," ಎಂದಿದ್ದರು ಕಲ್ಯಾಣಪ್ಪ. ನಿಜವಾಗಿಯೂ ಅವರಿಗೆ ಭಯವಿತ್ತು.

"ನಿಮಗ ನಿಮ್ಮ ಮೈಸೂರು ಅದ, ನನಗ ನನ್ನ ಮಿಸ್ರಿ ಅದ. ನಾ ಎಂದಾದ್ರೂ ನಿಮ್ಮ ಮೂಗಿಗೆ ಸಾಕ್ ಅಂದೇನೇನು?" ಎಂದು ಗುರುಶಾಂತಮ್ಮ ಬಟ್ಟೆಯ ಗಂಟು ಹೊತ್ತು ಹಿತ್ತಲಿಗೆ ನಡೆದಿದ್ದಳು. ಅಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಏರಿಸಿ, ಸೋಡಾ ಹಾಕಿದ ನೀರಲ್ಲಿ ಧೋತರಗಳನ್ನು ಕುದಿಸುವ ದಿನ ಅದು.

ಪಾರ್ಸಲ್ಲು ಬಂದದ್ದು ಆಗ. ಕಲ್ಯಾಣಪ್ಪನವರು ಮೂಲೆಯಲ್ಲಿ ಕೂತು ಪುಡಿಯ ಪೊಟ್ಟಣದ ತುದಿಯನ್ನು ಚೂರೇ ಹರಿದು ಮೂಗು ಇಟ್ಟರು. ಮಂಜು ಬಂತು, ಕಿಟಕಿ ಬಂತು, ಹಣೆಯ ಹತ್ತಿರ ಇನ್ನೇನು ಕೈಯೂ ಬರುತ್ತಿತ್ತು.

"ಏನ್ರಿ ಅಣ್ಣಾರ, ಟಪಾಲಿನಾಂವ ಏನೋ ಗಂಟು ಕೊಟ್ಟು ಹೋದಂಗಿತ್ತು?"

ಬಂದವಳು ಪಕ್ಕದ ಮನೆಯ ಸುಭದ್ರಾಬಾಯಿ. ಆಕೆಯ ಗಂಡ ದೊಡ್ಡಪ್ಪ ಅದೇ ಕಚೇರಿಯಲ್ಲಿ ಗುಮಾಸ್ತ. ಒಂಬತ್ತಕ್ಕೆ ಆಕೆ ಕಂಡದ್ದು ಹನ್ನೊಂದಕ್ಕೆ ಕಚೇರಿಗೆ ಗೊತ್ತಾಗುತ್ತಿತ್ತು. ಕಾಫಿ ಎಂದರೆ ಸಂಜೆಗೆ ಓಣಿಯೆಲ್ಲ ಬಟ್ಟಲು ಹಿಡಿದು ಬಂದೀತೆಂದು ಕಲ್ಯಾಣಪ್ಪ ಪೊಟ್ಟಣವನ್ನು ಹೊಟ್ಟೆಗೆ ಒತ್ತಿಕೊಂಡರು.

"ದವಾ ಅದ."

"ಎದರ ದವಾರಿ?"

"ತಲೀದು."

"ಅಯ್ಯ ಶಿವನ! ತಲಿಗಿ ಏನಾಗ್ಯದ?"

"ಇನ್ನೂ ಏನೂ ಆಗಿಲ್ಲ."

ಸುಭದ್ರಾಬಾಯಿ ಅವರನ್ನೊಮ್ಮೆ ಕನಿಕರದಿಂದ ನೋಡಿ, ಬೇಗ ಬೇಗ ಮನೆಗೆ ಹೋದಳು. ದೊಡ್ಡಪ್ಪ ಇನ್ನೂ ಕಚೇರಿಗೆ ಹೊರಟಿರಲಿಲ್ಲ.

ಪುಡಿಯನ್ನು ಕೂಡಲೇ ಕುಡಿದು ಮುಗಿಸುವ ಹಾಗಿರಲಿಲ್ಲ. ಬೆಳಗಿನ ಹಾಲು ಚಹಾಕ್ಕೆ ಮುಗಿದಿತ್ತು, ಎಮ್ಮೆ ಮತ್ತೆ ಹಾಲು ಕೊಡುವುದು ಸಂಜೆಗೆ. ಸೋಸುವ ಫಿಲ್ಟರ್ ಎಂಬ ಪಾತ್ರೆ ಊರಿನಲ್ಲಿ ಯಾರೂ ಕಂಡದ್ದಿಲ್ಲ. ತಗಡಿನ ಕೆಲಸದ ರಸೂಲನಿಂದ ಮಾಡಿಸಬೇಕು. ಸಂಜೆ ತಂಪು ಹೊತ್ತಿನಲ್ಲಿ, ಏನೂ ಹೇಳದೆ, ಬಟ್ಟಲನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿಯಬೇಕೆಂದು ಅವರ ಯೋಚನೆ. ಅಂದರೆ ಎಂಟು ತಾಸು ನಾಲ್ವರು ವೈರಿಗಳನ್ನು ತಡೆಯಬೇಕು.

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಹಿಂಡಿಯ ರಾಜ್ಯ. ದೇವರ ಗೂಡಿನಲ್ಲಿ ಊದಿನಕಡ್ಡಿ. ಟ್ರಂಕಿನಲ್ಲಿ ನುಸಿಗುಳಿಗೆ. ಅಟ್ಟದ ಮೇಲೆ ಕೈಯಿಟ್ಟರೆ ಕೈಯೇ ಹುರಿಯುತ್ತಿತ್ತು. ಕೊನೆಗೆ ನೀರಿನ ಗಡಿಗೆಯ ಹಿಂದೆ ಒಂದು ಗೂಡು ಸಿಕ್ಕಿತು. ಕತ್ತಲು, ತಂಪು, ಏನೂ ವಾಸನೆಯಿಲ್ಲ. ಇನ್ನು ಬೇಕಾದದ್ದು ಗಾಳಿ ಹೋಗದ ಒಂದು ಡಬ್ಬಿ. ಮನೆಯಲ್ಲಿ ಅಂಥದ್ದು ಒಂದೇ ಇತ್ತು, ಮುಚ್ಚಳದ ಮೇಲೆ ಗುಬ್ಬಿಯ ಚಿತ್ರವಿದ್ದ ತಗಡಿನ ಡಬ್ಬಿ. ತೆಗೆಯಲು ಚಮಚೆಯ ಹಿಡಿ ಬೇಕು. ಗಾಳಿ ತಾಗಿದರೆ ಮಿಸ್ರಿಯ ಖಾರವೂ ಇಳಿಯುತ್ತದೆಂದು ಗುರುಶಾಂತಮ್ಮ ಅದರಲ್ಲೇ ಮಿಸ್ರಿ ಇಟ್ಟಿದ್ದಳು.

ಬೆಳಗಿನ ತಿಕ್ಕಾಟ ಮುಗಿದಿದೆ, ಇನ್ನು ಊಟದ ಮೇಲೆಯೇ ಬೇಕಾಗುವುದು. ಅಷ್ಟರೊಳಗೆ ಪೇಟೆಯಿಂದ ಹೊಸ ಡಬ್ಬಿ ತಂದು ಮಿಸ್ರಿ ತುಂಬಿಟ್ಟರಾಯಿತು. ಹೀಗೆಂದುಕೊಂಡು ಕಲ್ಯಾಣಪ್ಪ ಮಿಸ್ರಿಯನ್ನು ಹಳೆಯ ಪತ್ರಿಕೆಯ ಹಾಳೆಗೆ ಸುರಿದು, ಪೊಟ್ಟಣ ಕಟ್ಟಿ ಕೋಟಿನ ಕಿಸೆಗೆ ಹಾಕಿಕೊಂಡರು. ಡಬ್ಬಿಯನ್ನು ಕಡಲೆಹಿಟ್ಟಿನಿಂದ ಮೂರು ಸಲ ಉಜ್ಜಿದರು. ಕಾಫಿಪುಡಿ ತುಂಬಿ ಮುಚ್ಚಳ ಒತ್ತಿ, ಲಕೋಟೆಗೆ ಹಾಕುವ ಅರಗನ್ನು ಮೇಣಬತ್ತಿಗೆ ಹಿಡಿದು ಮುಚ್ಚಳದ ಸುತ್ತ ಸುರಿದು ಮುದ್ರೆ ಹಾಕಿದರು. ಸುತ್ತಲೂ ಮೂಸಿ ನೋಡಿದರು. ಒಂದಿಷ್ಟೂ ವಾಸನೆ ಹೊರಗಿಲ್ಲ. ಅವರ ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ.

ಕಟ್ಟಿದ ಯಾವುದನ್ನೂ ಹೆಸರು ಬರೆಯದೆ ಇಟ್ಟು ಅವರ ಕೈಗೆ ಗೊತ್ತಿಲ್ಲ. ಕನ್ನಡದಲ್ಲಿ ಬರೆದರೆ ಸುಭದ್ರಾಬಾಯಿ ಓದಿಯಾಳು. ಹಾಗಾಗಿ ಚೀಟಿಯ ಮೇಲೆ ಉರ್ದುವಿನಲ್ಲಿ ನಾಲ್ಕು ಅಕ್ಷರ ಬರೆದು, ಬಾಲಗಳನ್ನು ಚೆಂದಗೆ ಎಳೆದು, ಡಬ್ಬಿಗೆ ಅಂಟಿಸಿದರು.

ಕಚೇರಿಗೆ ಹೋಗುವ ದಾರಿಯಲ್ಲಿ ರಸೂಲನ ಅಂಗಡಿ. ಕಲ್ಯಾಣಪ್ಪ ಇದ್ದಿಲಿನಿಂದ ನೆಲದ ಮೇಲೆ ಚಿತ್ರ ಬರೆದು ತೋರಿಸಿದರು. ರಸೂಲ ತಲೆ ಕೆರೆದುಕೊಂಡ.

"ತಳಕ್ಕ ಸಣ್ಣ ಸಣ್ಣ ತೂತು. ಜರಡಿ ಅನ್ರಿ."

"ಜರಡಿ ಅಲ್ಲೋ, ಇದು ಫಿಲ್ಟರ್."

"ತೂತು ಇದ್ದ ಮ್ಯಾಲ ಜರಡೀನೇ ಸಾಹೇಬ್ರ. ಸಂಜಿಗಿ ಮನಿಗೇ ತಂದು ಕೊಡ್ತೇನಿ, ನೀವು ಬೇಫಿಕರ್ ಹೋಗ್ರಿ."

ಬೇಫಿಕರ್ ಆಗಿಯೇ ಹೋದರು. ಆದರೆ ಕಚೇರಿಯಲ್ಲಿ ಕುರ್ಚಿಗೆ ಕೂತದ್ದೇ ತಡ, ದೊಡ್ಡಪ್ಪ ಬಂದು ಹೆಗಲ ಮೇಲೆ ಕೈಯಿಟ್ಟ.

"ತಲಿ ಹ್ಯಾಂಗದರಿ ಈಗ?"

"ಏನಾಗ್ಯದ ತಲಿಗಿ?"

"ಹಿಂಗೇ ಅಂತಾರ್ರಿ ಪಾಪ, ತಮಗ ಗೊತ್ತಾಗಂಗಿಲ್ಲ," ಎಂದು ದೊಡ್ಡಪ್ಪ ಉಳಿದವರಿಗೆ ಕಣ್ಣು ಮಾಡಿದ. ಅರ್ಧ ತಾಸಿನಲ್ಲಿ ಒಬ್ಬರು ಈರುಳ್ಳಿ ಕೊಯ್ದು ಮೂಗಿಗೆ ಹಿಡಿದರು, ಇನ್ನೊಬ್ಬರು ಹೆಗಲ ಮೇಲಿನ ವಲ್ಲಿಯನ್ನು ಒದ್ದೆ ಮಾಡಿ ತಂದು ತಲೆಗೆ ಸುತ್ತಿದರು. ಕಲ್ಯಾಣಪ್ಪನವರು ಬೇಡವೆನ್ನಲಿಲ್ಲ. ಒದ್ದೆ ವಲ್ಲಿಯೊಳಗೆ ಮೈಸೂರಿನ ಚಳಿ ಇತ್ತು. ಅವರ ಮುಖದಲ್ಲಿ ನಗು ಮೂಡಿದ್ದನ್ನು ಕಂಡು ಸಹೋದ್ಯೋಗಿಗಳು ಇನ್ನಷ್ಟು ಗಾಬರಿಯಾದರು.

"ದವಾ ತಗೊಂಡೀರೋ ಇಲ್ಲೋ? ಎಲ್ಲದ?" ಎಂದು ದೊಡ್ಡಪ್ಪ ಅವರ ಕೋಟಿನ ಕಿಸೆ ತಡಕಿ, ಪೊಟ್ಟಣವನ್ನು ಒತ್ತಿ ನೋಡಿದ. ಕಿಸೆಯಿಂದ ಕಪ್ಪು ಧೂಳು ಬುಸ್ಸೆಂದು ಎದ್ದಿತು. ದೊಡ್ಡಪ್ಪ ಏಳು ಸಲ ಸೀನಿ, ಎಂಟನೆಯದಕ್ಕೆ ಗೋಡೆ ಹಿಡಿದುಕೊಂಡ.

"ಮಿಸ್ರಿ! ಸಾಹೇಬ್ರ, ಇದು ಮಿಸ್ರಿ! ಹೆಂಗಸರಂಗ ನೀವೂ ಸುರು ಮಾಡೀರೇನು?"

ಮಧ್ಯಾಹ್ನದ ಹೊತ್ತಿಗೆ, ಕಲ್ಯಾಣಪ್ಪನ ತಲಿ ಕೆಟ್ಟದ, ಮಿಸ್ರಿ ತಿಕ್ಕಾಕತ್ತಾನ ಎಂಬ ಸುದ್ದಿ ಬಸ್‌ಸ್ಟ್ಯಾಂಡಿನ ತನಕ ಹೋಗಿತ್ತು. ಅವರಿಗೆ ಅದರ ಪರಿವೆಯಿರಲಿಲ್ಲ. ಕತ್ತಲ ಗೂಡಿನಲ್ಲಿ, ಅರಗಿನ ಮುದ್ರೆಯೊಳಗೆ, ಇಪ್ಪತ್ತು ವರ್ಷದ ಹಿಂದಿನ ಒಂದು ಬೆಳಗು ಕೆಡದೆ ಕೂತಿದೆ ಎಂಬುದೊಂದೇ ಅವರ ಮನಸ್ಸಿನಲ್ಲಿ ತೇಲುತ್ತಿತ್ತು. ಹೊಸ ಡಬ್ಬಿ ಕೊಳ್ಳುವುದು ಮರೆತೇಹೋಯಿತು.

ಊಟಕ್ಕೆ ಮನೆಗೆ ಹೋಗಿದ್ದ ದೊಡ್ಡಪ್ಪ ಎರಡೂವರೆಗೆ ಮರಳಿ ಬಂದ. ಮುಖದಲ್ಲಿ ಏನೋ ಬೆಳಕು.

"ಏನರ ಅನ್ರಿ, ನಮ್ಮ ಓಣ್ಯಾಗ ಇವತ್ತ ಏನೋ ಆಗ್ಯದ. ಎಲ್ಲಿಂದೋ ಒಂದು ವಾಸನಿ. ಸುಟ್ಟಂಗೂ ಅದ, ಸಿಹಿ ಇದ್ದಂಗೂ ಅದ. ನಮ್ಮಾಕಿ ರೊಟ್ಟಿ ಬಡಿಯೂದು ಬಿಟ್ಟು ಅಂಗಳದಾಗ ಮೂಗು ಮ್ಯಾಲ ಮಾಡಿ ನಿಂತಾಳ. ನನಗಂತೂ ಯಾಕೋ ಸತ್ತ ನಮ್ಮವ್ವ ನೆನಪಾದ್ಳು."

ಕಲ್ಯಾಣಪ್ಪನವರು ಲೇಖನಿಯನ್ನು ಅಲ್ಲೇ ಬಿಟ್ಟು ಎದ್ದರು. ತಲೆಗೆ ಸುತ್ತಿದ ವಲ್ಲಿಯನ್ನೂ ಬಿಚ್ಚದೆ, ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ, ಆ ಬಿಸಿಲಲ್ಲಿ ಮನೆಯ ಕಡೆ ಓಡಿದರು. "ಹಿಡೀರಿ, ಅವರನ್ನ ಹಿಡೀರಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಓಣಿಗೆ ಬಂದು ಮೂಗು ಎತ್ತಿ ನಿಂತರು. ಏನೂ ಇಲ್ಲ. ಬಿಸಿಗಾಳಿ ಎಲ್ಲವನ್ನೂ ಗುಡಿಸಿಕೊಂಡು ಹೋಗಿತ್ತು. ಹಿತ್ತಲಲ್ಲಿ ಹಂಡೆ ಬೋರಲು ಬಿದ್ದಿತ್ತು. ಬೇವಿನ ಗಿಡದ ಬುಡದಲ್ಲಿ ಮಣ್ಣು ಕಪ್ಪಗೆ ಒದ್ದೆಯಾಗಿತ್ತು. ಹಗ್ಗದ ಮೇಲೆ ಬೆಳ್ಳಗಿನ ಧೋತರಗಳ ನಡುವೆ ಅವರದೇ ಒಂದು ಧೋತರ ಕಂದುಬಣ್ಣಕ್ಕೆ ತಿರುಗಿ ಒಣಗುತ್ತಿತ್ತು. ಕಲ್ಯಾಣಪ್ಪನವರು ಬಾಗಿಲಿಗೆ ಓಡಿದರು.

ಒಳಗೆ ಗುರುಶಾಂತಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು ಗಂಭೀರವಾಗಿ ಕೂತಿದ್ದಳು. ಪಕ್ಕದಲ್ಲಿ ಎದುರು ಮನೆಯ ಖುರ್ಷಿದಬೇಗಂ, ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಹಿರಿಯರು. ಇಬ್ಬರ ಮುಂದೆ ಗುಬ್ಬಿಯ ಡಬ್ಬಿ, ಖಾಲಿ.

"ಬರ್ರಿ," ಎಂದಳು ಗುರುಶಾಂತಮ್ಮ. ಆಕೆಯ ಕಣ್ಣು ಕೆಂಪಾಗಿತ್ತು. "ಊಟ ಆಗಿ ಡಬ್ಬಿ ಹುಡಿಕಿದೆ. ಗಡಿಗಿ ಹಿಂದ ಸಿಕ್ತು. ಅರಗು ಹಾಕಿ ಮುದ್ರಿ ಒತ್ತೀರಿ, ಮ್ಯಾಲ ಏನೋ ಬರದೀರಿ. ನನಗೇನ್ ಉರ್ದು ಬರ್ತದ? ಬೇಗಂ ಅವರ ಕಡಿಂದ ಓದಿಸಿದೆ."

"ಕಾಫಿ, ಅಂತ ಬರದೀರಿ," ಎಂದರು ಖುರ್ಷಿದಬೇಗಂ, ಹಳೆಯ ವಿದ್ಯಾರ್ಥಿಯನ್ನು ಮೆಚ್ಚುವ ದನಿಯಲ್ಲಿ. "ಮಾಷಾ ಅಲ್ಲಾ, ಎಂಥಾ ಅಕ್ಷರ! ಕಾಫಿ. ಅಂದ್ರ ಸಾಕು, ಬಸ್. ಹೆಂಡತಿಗಿ ಬೈಲಿಲ್ಲ, ಬಡೀಲಿಲ್ಲ, ಡಬ್ಬಿ ಮುಚ್ಚಿ ಸಾಕು ಅಂತ ಬರದು ಹೋದ್ರಿ. ಇದಕಿಂತ ಅದಬಿನಿಂದ, ಮರ್ಯಾದಿಲೆ ಯಾರು ಹೇಳ್ತಾರ?"

ಕಲ್ಯಾಣಪ್ಪನವರು ತಾವೇ ಬರೆದ ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದಿದರು. ಕಾಫ್, ಅಲಿಫ್, ಫೇ, ಯೇ. ಕುಡಿಯುವ ಕಾಫಿಗೂ ಉರ್ದುವಿನಲ್ಲಿ ಇವೇ ನಾಲ್ಕು ಅಕ್ಷರ, ಸಾಕು ಎನ್ನುವುದಕ್ಕೂ ಇವೇ ನಾಲ್ಕು ಅಕ್ಷರ. ಚಹಾ ಕುಡಿಯುವ ಊರಿನಲ್ಲಿ ಯಾರು ಇನ್ನೊಂದು ಅರ್ಥಕ್ಕೆ ಹೋಗುತ್ತಾರೆ?

"ಮುಂಜಾನಿ ಬಾಯಿಲೆ ಸಾಕ್ ಅಂದ್ರಿ, ನಾ ಎದುರು ಮಾತಾಡಿದೆ," ಎಂದು ಗುರುಶಾಂತಮ್ಮ ಮುಂದುವರಿಸಿದಳು. "ಅದೇ ಮಾತು ಬರದು ಇಟ್ಟಿದ್ದು ಕೇಳಿದಕೂಡಲೇ ಕರುಳಿಗಿ ಚುರ್ ಅಂತು. ಕೊರಳಾನ ಲಿಂಗಾ ಹಿಡಿದು, ಬೇಗಂ ಅವರ ಮುಂದ ಆಣಿ ಮಾಡೇನಿ. ಈ ಡಬ್ಬ್ಯಾಗ ಏನದ, ಅದನ್ನ ಇನ್ನ ಜೀವ ಇರೂತನಕ ಮುಟ್ಟಂಗಿಲ್ಲ, ಮನಿಯಾಗ ಬರಗೊಡಂಗಿಲ್ಲ. ಹಂಗೇ ಚೆಲ್ಲಿದ್ರ ಮತ್ತ ಹೋಗಿ ಬಳಕೊಂಡೇನು ಅಂತ ಹೆದರಿಕಿ ಬಂತು. ಅರಗು ಒಡದು, ಕಣ್ಣು ಮುಚ್ಚಿ, ಕುದಿಯೋ ಹಂಡ್ಯಾಗ ಸುರುವಿಬಿಟ್ಟೆ. ತಳದಾಗ ನಿಮ್ದೊಂದು ಧೋತರ ಉಳದಿತ್ತು, ಅದು ಹಾಳಾತು ನೋಡ್ರಿ."

ಕಲ್ಯಾಣಪ್ಪ ಗೋಡೆಗೆ ಒರಗಿ ಕೂತರು. ಹೇಳಬೇಕೆಂದು ನಾಲಿಗೆ ಎದ್ದಿತು. ಅಷ್ಟರಲ್ಲಿ ಗುರುಶಾಂತಮ್ಮನ ದನಿ ಮೆತ್ತಗಾಯಿತು.

"ಖರೇ ಹೇಳ್ತೇನ್ರಿ, ಆವಾಗ ಒಂದು ವಾಸನಿ ಎದ್ದಿತು. ಹಂಡಿ ತುಂಬ, ಹಿತ್ತಲ ತುಂಬ, ಓಣಿ ತುಂಬ. ಚಟ ಬಿಟ್ಟವ್ರಿಗಿ ದೇವ್ರು ಹಿಂಗ ಕಳಸ್ತಾನೇನೋ ಅಂದೆ. ಅಂಥಾ ವಾಸನಿ ನಾ ಹುಟ್ಟಿದಾಗಿಂದ ನೋಡಿಲ್ಲ. ಸುಮ್ಮ ಕಣ್ಣು ಮುಚ್ಚಿ ನಿಂತೆ. ಯಾರೋ ಬಂದು ಹಣಿ ಮ್ಯಾಲ ಕೈ ಇಟ್ಟಂಗಾತು."

ಇಪ್ಪತ್ತು ವರ್ಷ ಹೇಳಿ ಹೇಳಿ ಸೋತ ಮಾತನ್ನು ಆಕೆ ತಾನಾಗಿ, ಅವರದೇ ಶಬ್ದಗಳಲ್ಲಿ, ಅವರಿಗೇ ತಿರುಗಿ ಹೇಳಿದ್ದಳು. ಕಲ್ಯಾಣಪ್ಪನವರಿಗೆ ಎದೆ ತುಂಬಿ ಬಂತು. ಹೋಗಲಿ ಬಿಡು ಎಂದುಕೊಂಡರು. ಕಾಫಿ ಹೋದರೆ ಹೋಯಿತು. ಇವಳ ಒಸಡು ಉಳಿಯಿತು, ಇವಳು ಉಳಿದಳು. ಡಬ್ಬಿಯಲ್ಲಿ ಏನಿತ್ತೆಂದು ಸಾಯುವ ತನಕ ಬಾಯಿ ಬಿಡುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರಿಗೆ ಹೆಂಡತಿಯ ಮೇಲೆ ಮದುವೆಯ ಹೊಸದರ ಪ್ರೀತಿ ಉಕ್ಕಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೋಟಿನ ಕಿಸೆಯಿಂದ ಕರವಸ್ತ್ರ ಎಳೆದರು.

ಕರವಸ್ತ್ರದ ಜೊತೆಗೆ ಪೊಟ್ಟಣವೂ ಬಂತು. ನೆಲಕ್ಕೆ ಬಿದ್ದು ಗುರುಶಾಂತಮ್ಮನ ಮೊಣಕಾಲ ಮುಂದೆಯೇ ಬಿಚ್ಚಿಕೊಂಡಿತು.

ಆಕೆ ಬಗ್ಗಿ, ಚಿಟಿಕೆಯಲ್ಲಿ ಹಿಡಿದು, ಮೂಸಿದಳು. ಗಂಡನ ಮುಖ ನೋಡಿದಳು. ಮತ್ತೆ ಮೂಸಿದಳು.

"ಇದು ನನ್ನ ಮಿಸ್ರಿ."

"ಹೂಂ," ಎಂದರು ಕಲ್ಯಾಣಪ್ಪ. ಸುಳ್ಳು ಹೇಳುವುದು ಅವರಿಗೆ ದಿನಕ್ಕೆ ಒಂದು ಸಲ ಮಾತ್ರ ಬರುತ್ತಿತ್ತು, ಅದು ಬೆಳಗ್ಗೆಯೇ ಮುಗಿದಿತ್ತು.

"ಹಂಗಾದ್ರ ಡಬ್ಬ್ಯಾಗ ಏನಿತ್ತು?"

ಹೇಳಿದರು. ಪಾರ್ಸಲ್ಲು, ನಾಲ್ವರು ವೈರಿಗಳು, ಸಂಜೆಯ ಬಟ್ಟಲು, ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಮೊದಲು ತಿಳಿಯಲಿಲ್ಲ, ಆಮೇಲೆ ಎರಡೂ ಎಂದು ತಿಳಿಯಿತು.

"ಅದೇ ಏನ್ರಿ ಅದರ ವಾಸನಿ? ನೀವು ಹೇಳಿದ್ದು ಕಡಿಮಿ ಆತು. ಹೌದ್ರಿ, ಖರೇ."

"ಆಗಲಿ ಬಿಡು," ಎಂದು ಕಲ್ಯಾಣಪ್ಪ ಉಸಿರು ಬಿಟ್ಟರು. "ಗೆಳೆಯಗ ಮತ್ತ ಬರೀತೇನಿ. ಮುಂದಿನ ತಿಂಗಳ ಇನ್ನೊಂದು ಪಾವ್ ಕಿಲೋ ಕಳಸ್ತಾನ. ಇಬ್ಬರೂ ಕೂತು ಕುಡಿಯೂನು. ಹ್ಯಾಂಗಿದ್ರೂ ಮಿಸ್ರಿ ಅಂತೂ ಬಿಟ್ಟಿ."

ಗುರುಶಾಂತಮ್ಮ ಬೆರಳು ಮಡಿಚಿ ಏನನ್ನೋ ನೆನಪಿಸಿಕೊಂಡಳು. ಖುರ್ಷಿದಬೇಗಂ ಕಡೆ ತಿರುಗಿದಳು.

"ಬೇಗಂ ಅವರ, ನಾ ಆಣಿ ಏನಂತ ಮಾಡೇನಿ?"

ಪಾಠ ಒಪ್ಪಿಸಿಕೊಂಡು ಅಭ್ಯಾಸವಿದ್ದ ಬೇಗಂ ಅಕ್ಷರ ಬಿಡದೆ ಹೇಳಿದರು: "ಈ ಡಬ್ಬ್ಯಾಗ ಏನದ, ಅದನ್ನ ಜೀವ ಇರೂತನಕ ಮುಟ್ಟಂಗಿಲ್ಲ, ಮನಿಯಾಗ ಬರಗೊಡಂಗಿಲ್ಲ."

"ಡಬ್ಬ್ಯಾಗ ಇದ್ದದ್ದು ಕಾಫಿ," ಎಂದಳು ಗುರುಶಾಂತಮ್ಮ, ನಿಜವಾದ ದುಃಖದಿಂದ. "ಲಿಂಗಾ ಹಿಡದು ಆಡಿದ ಮಾತು ಅದರಿ. ನಾ ಏನ್ ಮಾಡ್ಲಿ? ಇನ್ನ ಈ ಮನಿಯೊಳಗ ಕಾಫಿ ಬರಂಗಿಲ್ಲ." ಆಮೇಲೆ ಪೊಟ್ಟಣದ ಕಡೆ ನೋಡಿದಳು. ದುಃಖ ಸ್ವಲ್ಪ ಕಡಿಮೆಯಾಯಿತು. "ಮಿಸ್ರಿ ಸುದ್ದಿ ಅಂತೂ ಆಣ್ಯಾಗ ಇಲ್ಲೇ ಇಲ್ಲ."

ಖುರ್ಷಿದಬೇಗಂ ಎದ್ದು ನಿಂತರು. "ಕಲ್ಯಾಣಪ್ಪ, ಉರ್ದು ಸಾಲಿ ಹಳೇ ಹುಡುಗ ನೀವು, ಖರೇ. ಇನ್ನ ಮ್ಯಾಲ ಕನ್ನಡದಾಗ ಬರೀರಿ," ಎಂದು ಹೇಳಿ ಹೊರಟ ಅವರಿಗೆ, ಹೇಳಿದ ಹೊತ್ತಿಗಿಂತ ಮೊದಲೇ ಕೆಲಸ ಮುಗಿಸಿದ ರಸೂಲ ಬಾಗಿಲಲ್ಲಿ ಎದುರಾದ. ಅವನ ಕೈಯಲ್ಲಿ ಹೊಸ ತಗಡು ಫಳಫಳ ಹೊಳೆಯುತ್ತಿತ್ತು. ತಳದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ತೂತುಗಳು, ಸಾಲು ತಪ್ಪದೆ.

"ಸಾಹೇಬ್ರ, ನಿಮ್ಮ ಜರಡಿ."

ಗುರುಶಾಂತಮ್ಮ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಮುಖ ಅರಳಿತು. "ಅಯ್ಯ, ಎಷ್ಟು ಸಣ್ಣ ತೂತು ಹೊಡ್ದಾನ! ಮಿಸ್ರಿ ಸೋಸಾಕ ಇಂಥಾದು ಎಷ್ಟು ದಿನದಿಂದ ಹುಡುಕಾಕತ್ತಿದ್ದೆ."

ಮರುದಿನ ಬೆಳಗಿನ ಜಾವ ಕಲ್ಯಾಣಪ್ಪನವರಿಗೆ ಎಚ್ಚರವಾಯಿತು, ಅಥವಾ ಪೂರ್ತಿ ಆಗಲಿಲ್ಲ. ಕಂದುಬಣ್ಣದ ಧೋತರವನ್ನು ಹೊದ್ದು ಮಲಗಿದ್ದರು. ಅದನ್ನು ಮುಖದ ಮೇಲೆ ಎಳೆದುಕೊಂಡು ಮೆಲ್ಲಗೆ ಉಸಿರು ಒಳಗೆ ತೆಗೆದುಕೊಂಡರು. ಮೊದಲು ಸೋಡಾದ ವಾಸನೆ ಬಂತು. ಇನ್ನೂ ಮೆಲ್ಲಗೆ ತೆಗೆದುಕೊಂಡರು. ಸೋಡಾದ ಹಿಂದೆ, ಬಹಳ ಹಿಂದೆ, ಒಂದು ಮಾಳಿಗೆ, ಒಂದು ಕಿಟಕಿ, ಕಿಟಕಿಯಾಚೆ ಮಂಜು. ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಣೆಯ ಹತ್ತಿರ ಇನ್ನೇನು ಕೈ ಬರಬೇಕು, ಅಷ್ಟರಲ್ಲಿ ಪಡಸಾಲೆಯಲ್ಲಿ ಟಕ್ ಟಕ್ ಎಂದು ತಗಡು ತಟ್ಟುವ ಸದ್ದಾಯಿತು. ಗುರುಶಾಂತಮ್ಮ ಫಿಲ್ಟರಿನಲ್ಲಿ ಮಿಸ್ರಿ ಸೋಸುತ್ತಿದ್ದಳು. ಸಣ್ಣ ಧೂಳು ಗಾಳಿಗೆ ಏರಿ ಧೋತರದೊಳಗೆ ನುಗ್ಗಿತು.

ಕಲ್ಯಾಣಪ್ಪನವರು ಏಳು ಸಲ ಸೀನಿದರು.